ಒಂದೆಳೆ ಕೆಳಗೆ

"ಅವಳ್ನ ಒಂದಿನದ ಮಟ್ಟಿಗೆ ಅಳ್ಳಿಮೈಸೂರಿಗೆ ಕಳಿಸ್ಬುಡಾನ ಕಣೆ. ಗಂಡಿನೋರು ಬಂದೋದ್ಮೇಲೆ ಕರ್ಕೊಂಡ್ ಬಂದ್ರಾಯ್ತು."

ಪಂಚಾಕ್ಷರಯ್ಯನವರು ಇದನ್ನು ಹೆಂಡತಿಯ ಕಿವಿಯಲ್ಲಿ ಪಿಸುಗುಟ್ಟಿದ್ದೇನೆಂದು ತಿಳಿದಿದ್ದರು. ಹೊಳೆನರಸೀಪುರದ ಪೇಟೆ ಬೀದಿಯಲ್ಲಿ ಕೂಗಿ ಕೂಗಿ ಸೀರೆ ಮಾರಿದ ಗಂಟಲಿಗೆ ಪಿಸುಮಾತು ಎಲ್ಲಿಂದ ಬರಬೇಕು? ಹಿತ್ತಲ ಜಗಲಿಯ ಮೇಲೆ ಗಿಟಾರಿನ ತಂತಿ ಬಿಗಿಯುತ್ತ ಕೂತಿದ್ದ ಹಿರಿಯ ಮಗಳು ನೀಲಾಂಬಿಕೆಗೆ ಅಕ್ಷರ ಅಕ್ಷರವೂ ಕೇಳಿಸಿತು.

"ನಾನು ಎಲ್ಲಿಗೂ ಹೋಗಲ್ಲ ಅಪ್ಪಾಜಿ," ಎಂದಳು ಕೂತಲ್ಲಿಂದಲೇ. "ಪ್ರೇಮ ಹಾಡಬೇಕಾದ್ರೆ ಶ್ರುತಿಗೆ ನಾನು ಬೇಕು. ಹಾರ್ಮೋನಿಯಂ ತಿದೀನ ಇಲಿ ಕಡಿದು ಯಾವ ಕಾಲ ಆಯ್ತು."

ತಾಯಿ ಗುರುಸಿದ್ದಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. "ನೀನು ಎದುರಿಗೆ ಬಂದ್ರೆ ಆ ವಕೀಲಪ್ಪ ಏನಂತಾನೋ ಏನೋ ಕಣವ್ವ. ತಂಗಿ ಕೆಲ್ಸ ಕೆಡ್ಬಾರ್ದು."

"ಅವರು ಏನಂದ್ರೂ ನಾನು ಬಾಯಿ ಬಿಡಲ್ಲ. ಗಿಟಾರು ಬಿಡ್ತದೆ, ಅಷ್ಟೆ."

ಮಗಳು ತಮಾಷೆ ಮಾಡಿದಳೆಂದು ಗುರುಸಿದ್ದಮ್ಮ ಸಮಾಧಾನಪಟ್ಟುಕೊಂಡು ಒಲೆಯ ಕಡೆಗೆ ಹೋದರು. ಅದು ತಮಾಷೆಯಾಗಿರಲಿಲ್ಲ.

ಆರು ವರ್ಷದ ಹಿಂದೆ ಇದೇ ನಡುಮನೆಯಲ್ಲಿ, ಇದೇ ಜಮಖಾನದ ಮೇಲೆ, ಚನ್ನರಾಯಪಟ್ಟಣದ ವಕೀಲ ಚಂದ್ರಶೇಖರಯ್ಯ ನೀಲಾಂಬಿಕೆಯನ್ನೇ ನೋಡಲು ಬಂದು ಕೂತಿದ್ದ. ಸಂಗೀತ ಬಲ್ಲವನೆಂದು ಅವನಿಗೆ ಹೆಸರಿತ್ತು. ಆ ಹೆಸರು ಬಂದದ್ದು ಹೀಗೆ: ದಸರೆಗೆ ಮೈಸೂರಿಗೆ ಹೋಗುವನು, ಕಚೇರಿಗಳಲ್ಲಿ ಮುಂದಿನ ಸಾಲಿನಲ್ಲಿ ಕೂತು ತಲೆದೂಗುವನು; ತಲೆದೂಗಿದ್ದನ್ನು ಹಿಂದಿನ ಸಾಲಿನಲ್ಲಿ ಕೂತವರು ಊರಿಗೆ ಬಂದು ಹೇಳುವರು. ತಲೆಯ ಒಳಗೆ ಏನಿದೆ ಎಂದು ಯಾರೂ ಕೇಳಿರಲಿಲ್ಲ. ಹೆಣ್ಣು ನೋಡುವ ಶಾಸ್ತ್ರದಲ್ಲಿ ಹಾಡು ಹೇಳಿಸುವುದು ಇದ್ದದ್ದೇ. ನೀಲಾಂಬಿಕೆ ಅಜ್ಜಿ ಕಲಿಸಿದ್ದ ದೇವರ ಹಾಡೊಂದನ್ನು ಒಣಗಿದ ಗಂಟಲಲ್ಲಿ ಹೇಳಿ ಮುಗಿಸಿದಳು. ವಕೀಲ ಕಣ್ಣು ಮುಚ್ಚಿ, ಯಾರೋ ಸತ್ತ ಸುದ್ದಿ ಕೇಳಿದವನಂತೆ ಉಸಿರುಬಿಟ್ಟು ಹೇಳಿದ: "ಹುಡುಗಿ ಲಕ್ಷಣವಾಗಿದ್ದಾಳೆ. ಆದರೆ ಕಂಠದಲ್ಲಿ ಅಪಸ್ವರ ಇದೆ. ಅಪಸ್ವರದ ಹೆಣ್ಣು ಮನೆ ತುಂಬಿದರೆ ಮನೆಯೇ ಶ್ರುತಿ ತಪ್ಪುತ್ತದೆ."

ಬೇಡವೆಂದು ಎದ್ದು ಹೋಗುವ ಗಂಡುಗಳು ಎಷ್ಟಿಲ್ಲ? ಅದರಿಂದ ಯಾವ ಹೆಣ್ಣೂ ಸಾಯುವುದಿಲ್ಲ. ಆದರೆ ಆವತ್ತು ಎರಡೂ ಮನೆಗೆ ಬೇಕಾದವರೆಂದು ಬಾಗೂರಿನ ಮಂಚಯ್ಯ ಜೊತೆಗೆ ಬಂದಿದ್ದರು. ಕೊಬ್ಬರಿ ವ್ಯಾಪಾರದ ಮಂಚಯ್ಯನವರಿಗೆ ಅಪಸ್ವರ ಎಂಬ ಮಾತು ಜನ್ಮದಲ್ಲಿ ಕಿವಿಗೆ ಬಿದ್ದಿರಲಿಲ್ಲ. ಅಪಸ್ಮಾರ ಚೆನ್ನಾಗಿ ಗೊತ್ತಿತ್ತು. ಅವರ ಸೋದರಮಾವ ಆ ಮೂರ್ಛೆರೋಗದಲ್ಲೇ ಕೆರೆಗೆ ಬಿದ್ದು ಸತ್ತವನು. ಆದ್ದರಿಂದ ಗೊತ್ತಿದ್ದ ಮಾತನ್ನೇ ಕೇಳಿಸಿಕೊಂಡು, ಬಾಗೂರಿನ ಸಂತೆಯಲ್ಲಿ ಕೆಟ್ಟ ಮನಸ್ಸಿಲ್ಲದೆ, ಕಣ್ಣಲ್ಲಿ ನೀರು ತಂದುಕೊಂಡೇ ಹೇಳಿದರು: "ಪಾಪ, ಪಂಚಾಕ್ಷರಯ್ಯನ ಮಗಳಿಗೆ ಅಪಸ್ಮಾರ ಅಂತೆ ಕಣ್ರಪ್ಪ. ಗಂಟ್ಲಲ್ಲಿ ಐತಂತೆ."

ಮಾತು ಬಸ್ಸು ಹತ್ತಿ ಹಾಸನಕ್ಕೆ ಹೋಯಿತು, ಗಾಡಿ ಹತ್ತಿ ಅರಕಲಗೂಡಿಗೆ ಹೋಯಿತು. ನೋಡಲು ಬರುತ್ತೇವೆಂದವರಿಗೆಲ್ಲ ಇದ್ದಕ್ಕಿದ್ದಂತೆ ಅಡ್ಡಿಗಳು ಬಂದವು. ಒಬ್ಬರ ಎತ್ತಿಗೆ ಕಾಲುನೋವು, ಒಬ್ಬರ ಮನೆಯಲ್ಲಿ ಸೂತಕ. ಅರಕಲಗೂಡಿನ ಹೆಂಗಸೊಬ್ಬಳು ಸೀರೆ ಕೊಳ್ಳುವ ನೆಪದಲ್ಲಿ ಅಂಗಡಿಗೆ ಬಂದು, "ಮಗಿಗೆ ಬಂದಾಗ ಕೈಗೆ ಕಬ್ಬುಣದ ಬೀಗದ ಕೈ ಕೊಟ್ರೆ ನಿಲ್ತದಾ ಸಾ?" ಎಂದು ಕೇಳಿದಳು. ಆಗ ಪಂಚಾಕ್ಷರಯ್ಯನವರಿಗೆ ವಿಷಯ ತಿಳಿಯಿತು. ಅವರು ಚನ್ನರಾಯಪಟ್ಟಣಕ್ಕೆ ಓಡಿದರು. ತಾವು ಅಂದ ಮಾತು ಇದಲ್ಲವೆಂದು ನಾಲ್ಕು ಜನರೆದುರು ಒಂದು ಸಲ ಹೇಳಿಬಿಡಿ ಎಂದು ಕೈಮುಗಿದರು. ವಕೀಲ ಹೊಟ್ಟೆ ಕುಣಿಯುವಂತೆ ನಕ್ಕು, "ಅಪಸ್ವರ, ಅಪಸ್ಮಾರ, ಎರಡೂ ಒಂದೇ ಮನೆತನ ಬಿಡಿ ಸ್ವಾಮಿ!" ಎಂದ. ತನ್ನ ಚಮತ್ಕಾರ ತನಗೇ ಹಿಡಿಸಿ, ಹಾಸನದ ಕೋರ್ಟಿನ ವರಾಂಡದಲ್ಲೂ ಅದನ್ನು ಹೇಳಿ ನಗಿಸಿದ.

ಅಪ್ಪ ಬಂದು ಅದನ್ನು ಹೇಳಿದ ದಿನ ನೀಲಾಂಬಿಕೆ ಅಳಲಿಲ್ಲ. ಅಂದಿನಿಂದ ಅವಳ ಎದೆಯಲ್ಲಿ ಬೂದಿ ಮುಚ್ಚಿದ ಕೆಂಡವೊಂದು ಇತ್ತು. ಹಬ್ಬ ಬರಲಿ, ಹುಣ್ಣಿಮೆ ಬರಲಿ, ಲಿಂಗಪೂಜೆಗೆ ಕೂತರೂ ಸರಿಯೇ, ಆ ಮನುಷ್ಯನ ಕಿವಿ ಹಿಂಡಬೇಕು ಎಂಬ ಒಂದೇ ಬೇಡಿಕೆಯನ್ನು ಅವಳು ದೇವರ ಮುಂದಿಡುತ್ತಿದ್ದಳು. ಆವತ್ತು ತಾನು ನಿಜವಾಗಿ ತಪ್ಪಿದ್ದೆನೇ ಎಂಬುದೂ ಅವಳಿಗೆ ಗೊತ್ತಿರಲಿಲ್ಲ. ಅದು ಗೊತ್ತಾಗದೆ ಹಗೆ ತೀರಿಸುವುದು ಹೇಗೆ?

ನೆರೆಮನೆಯವಳ ಬಾಣಂತನಕ್ಕೆ ಬರುತ್ತಿದ್ದ ಮಂಗಳೂರಿನ ನರ್ಸಮ್ಮನ ಮನೆಯ ಗೋಡೆಯ ಮೇಲೆ ಅವಳು ಗಿಟಾರು ಕಂಡಳು. ಅವಳಿಗೆ ತಕ್ಷಣ ಹೊಳೆದದ್ದು ಸಂಗೀತವಲ್ಲ, ಲೆಕ್ಕಾಚಾರ. ಬಾಯಿ ಬಿಟ್ಟು ಹಾಡಿದರೆ ಅಪಸ್ವರ ಎನ್ನಲು ಬೀದಿಗೊಬ್ಬ ಚಂದ್ರಶೇಖರಯ್ಯನಿದ್ದಾನೆ. ವೀಣೆ, ಪಿಟೀಲು ಹಿಡಿದರೂ ಅಷ್ಟೆ. ಈ ವಾದ್ಯಕ್ಕೆ ತಲೆ ಯಾವುದು ಬಾಲ ಯಾವುದು ಎಂದು ಹೇಳುವವನು ಇಡೀ ತಾಲ್ಲೂಕಿನಲ್ಲಿ ಒಬ್ಬನೂ ಇಲ್ಲ! ಸರಸ್ವತಿಯ ಮೇಲಿನ ಪ್ರೀತಿಯಿಂದ ಕಲಿಯುವವರು ಕಲಿಯಲಿ. ಅವಳು ಹೀಗೆ ಶುರು ಮಾಡಿದಳು.

ನರ್ಸಮ್ಮ ಮೊದಲ ದಿನ ಹಾಡು ಕಲಿಸಲಿಲ್ಲ. ದಪ್ಪ ತಂತಿಯನ್ನು ಐದನೆಯ ಮೆಟ್ಟಿನಲ್ಲಿ ಒತ್ತಿಸಿ, ಪಕ್ಕದ ತಂತಿಯನ್ನು ಬಿಟ್ಟು ಮೀಟಿಸಿದಳು. ಎರಡೂ ಒಂದೇ ದನಿಯಾಗಬೇಕಿತ್ತು, ಆಗಲಿಲ್ಲ. ಗುಂಯ್ ಗುಂಯ್ ಎಂದು ದನಿ ಅಲೆಯಿತು.

"ಎರಡು ತಂತಿಯೂ ಜಗಳ ಮಾಡ್ತಾ ಉಂಟು. ಕೇಳ್ತದಾ ನಿಮಗೆ?"

"ನಡುಗ್ತಾ ಇದೆ," ಎಂದಳು ನೀಲಾಂಬಿಕೆ.

"ಹಾಂ, ಅದೇ ನೋಡಿ. ನಡುಗುವುದು ನಿಲ್ಲುವವರೆಗೆ ಬಿರಡೆ ತಿರುಗಿಸಿ ಮಾರಾಯ್ತಿ. ಬೇರೆ ಎಂಥದೂ ಇಲ್ಲ ಇದರಲ್ಲಿ."

ಅವಳು ತಿರುಗಿಸಿದಳು. ಅಲೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ನಿಂತೇಹೋಯಿತು. ನೀಲಾಂಬಿಕೆಯ ಮೈ ಜುಮ್ಮೆಂದಿತು. ಇಷ್ಟೇನೇ ಅಪಸ್ವರ ಎಂದರೆ? ಒಂದೆಳೆ ಹೆಚ್ಚು, ಒಂದೆಳೆ ಕಡಿಮೆ! ಇಷ್ಟಕ್ಕೆ ತನ್ನ ಕೈಗೆ ಕಬ್ಬಿಣದ ಬೀಗದ ಕೈ ಕೊಡಿಸಿದರೇ?

ಆಮೇಲೆ ಒಂದೊಂದೇ ತಿಳಿಯುತ್ತ ಬಂತು. ನರ್ಸಮ್ಮನ ಡೊ ರೆ ಮಿ ಎಂದರೆ ಶಂಕರಾಭರಣದ ಸರಿಗಮವೇ. ಹೆಸರು ಬೇರೆ, ಮನೆ ಒಂದೇ. ಹನ್ನೆರಡು ಮೆಟ್ಟು ದಾಟಿದರೆ ಮತ್ತೆ ಮೇಲಿನ ಷಡ್ಜ. ಸ, ಗ, ಪ ಮೂರನ್ನೂ ಒಟ್ಟಿಗೆ ಮೀಟಿದರೆ ಜಗಳವಾಗುವುದಿಲ್ಲ, ಕೂಡು ಕುಟುಂಬದ ಹಾಗೆ ಸದ್ದು ಬರುತ್ತದೆ. ಗಂಡಸರ ಮುಂದೆ ಹೆಣ್ಣುಮಕ್ಕಳು ಕುರ್ಚಿಯಲ್ಲಿ ಕೂರುವ ಹಾಗಿಲ್ಲವಾದ್ದರಿಂದ ಚಾಪೆಯ ಮೇಲೆ ಒಂದು ಮೊಣಕಾಲು ಎತ್ತಿ ನುಡಿಸುವುದನ್ನು ರೂಢಿಸಿಕೊಂಡಳು. ಎಡಗೈ ಬೆರಳ ತುದಿಗಳು ಮೊದಲು ಬೊಬ್ಬೆ ಬಂದು ಆಮೇಲೆ ಜಡ್ಡುಗಟ್ಟಿದವು. ತಂತಿಯೊಂದು ಕಿತ್ತು ಹೋದಾಗ ಅದು ಕುರಿಯ ಕರುಳಿನದೆಂದು ನರ್ಸಮ್ಮ ಹೇಳಿದಳು. ಲಿಂಗ ಕಟ್ಟಿದ ಮೈಯವಳು ಎರಡು ದಿನ ಗಿಟಾರು ಮುಟ್ಟಲಿಲ್ಲ. ಅವ್ವನಿಗೆ ಮಾತ್ರ ಹೇಳಲಿಲ್ಲ. ತನ್ನ ಕರುಳೇ ಸುಟ್ಟಿರುವಾಗ ಕುರಿಯದೇನು ದೊಡ್ಡದು ಎಂದುಕೊಂಡು ಮೂರನೆಯ ದಿನ ಮತ್ತೆ ಕೂತಳು. ನರ್ಸಮ್ಮನಿಗೆ ವರ್ಗವಾದಾಗ ಗಿಟಾರು ಇವಳಲ್ಲೇ ಉಳಿಯಿತು.

ಕೆಂಡ ಬೂದಿಯೊಳಗೇ ಆರಿಹೋಗುತ್ತಿತ್ತೋ ಏನೋ. ಆದರೆ ದೊಡ್ಡಗದ್ದವಳ್ಳಿಯ ಒಂದು ಮದುವೆಯಲ್ಲಿ ತಂಗಿ ಪ್ರೇಮಕುಮಾರಿ ಹಾಡಿದಳು. ಅದನ್ನು ಕೇಳಿದ ಹಾಸನದ ಇಸ್ಕೂಲು ಮೇಷ್ಟರೊಬ್ಬ ಆದರೆ ಇವಳನ್ನೇ ಆಗುವುದು ಎಂದು ಹಟ ಹಿಡಿದ. ಹುಡುಗನ ಹೆಸರು ಬಸವರಾಜು. ಒಳ್ಳೆಯವನು. ಚಂದ್ರಶೇಖರಯ್ಯನ ಸ್ವಂತ ತಮ್ಮ.

ಪ್ರೇಮಕುಮಾರಿಗೂ ಅವನು ಹಿಡಿಸಿದ್ದ. ಅವಳ ಕಂಠವೇ ಹಾಗಿತ್ತು. ದನ ಮನೆ ಹುಡುಕಿಕೊಂಡು ಬರುವ ಹಾಗೆ ತಾನಾಗಿ ಶ್ರುತಿಗೆ ಬಂದು ನಿಲ್ಲುತ್ತಿತ್ತು. ಗಂಡಿನವರು ಬರುವ ಬೆಳಗ್ಗೆ ಅವಳು ಅಕ್ಕನ ಹತ್ತಿರ ಬಂದು ಕೂತು, "ಅಕ್ಕ, ನಿನ್ನ ಸಂಕಟ ನಂಗೆ ಗೊತ್ತು. ಆದ್ರೆ ಇವತ್ತು ಮಾತ್ರ ಏನೂ ಅನ್ಬೇಡ," ಎಂದಳು. "ಏನೂ ಅನ್ನಲ್ಲ ಕಣೆ, ನಿನ್ನಾಣೆ," ಎಂದಳು ನೀಲಾಂಬಿಕೆ. ಅವಳ ಹಂಚಿಕೆಯಲ್ಲಿ ಮಾತಿನ ಅಗತ್ಯವೇ ಇರಲಿಲ್ಲ. ಬಲ್ಲವನಾಗಿದ್ದರೆ ಆ ಮನುಷ್ಯ ಬಚಾವಾಗುತ್ತಾನೆ. ಆಗ ತಾನು ಅಪಸ್ವರವೆಂದು ಒಪ್ಪಿಕೊಂಡು ಬಾಯಿ ಮುಚ್ಚಿಕೊಂಡಿರುವುದು. ಬಲ್ಲವನಲ್ಲದಿದ್ದರೆ ಅವನ ನಾಲಗೆಯೇ ಅವನನ್ನು ಹಿಡಿದುಕೊಡಲಿ. ತಂಗಿಯ ಮದುವೆ ನಿಂತುಹೋದರೆ? ಆ ಯೋಚನೆ ಬಂತು, ಬರಲಿಲ್ಲವೆಂದಲ್ಲ. ಅವಳು ಅದನ್ನು ಹಿಂದಕ್ಕೆ ತಳ್ಳಿದಳು.

ಯುದ್ಧದ ಕಾಲ, ಪೆಟ್ರೋಲಿಲ್ಲದೆ ಬಸ್ಸುಗಳು ಇದ್ದಿಲ ಗ್ಯಾಸಿನಲ್ಲಿ ಓಡುತ್ತಿದ್ದವು. ಗಂಡಿನವರು ಮುಖಕ್ಕೆಲ್ಲ ಮಸಿ ಬಳಿದುಕೊಂಡೇ ಇಳಿದರು. ಚಂದ್ರಶೇಖರಯ್ಯನ ಮೈ ಈಗ ಇನ್ನಷ್ಟು ತುಂಬಿಕೊಂಡಿತ್ತು. ಜೊತೆಗೆ ಹೆಂಡತಿ ಕಮಲಾಕ್ಷಮ್ಮ. ಕೋಗಿಲೆ ಕಂಠವೆಂದು ಆರಿಸಿ ತಂದ ಹೆಣ್ಣಂತೆ, ಮದುವೆಯಾದ ಮೇಲೆ ಅವಳು ಹಾಡಿದ್ದನ್ನು ಕೇಳಿದವರಿಲ್ಲ. ಬಸವರಾಜು ತಲೆ ತಗ್ಗಿಸಿ ಕೂತ. ಮಂಚಯ್ಯನವರು ಈ ಸಲವೂ ಬಂದಿದ್ದರು. ಅವರಿಲ್ಲದೆ ಆ ಸೀಮೆಯಲ್ಲಿ ಯಾವ ಸಂಬಂಧ ಕುದುರೀತು?

ಉಪ್ಪಿಟ್ಟು ಕಾಫಿ ಆಯಿತು. ಪ್ರೇಮಕುಮಾರಿ ಬಂದು ಶರಣು ಮಾಡಿ ಕೂತಳು. ಅವಳ ಹಿಂದೆ ನೀಲಾಂಬಿಕೆ ಗಿಟಾರು ಹಿಡಿದು ಬಂದಾಗ ಮಂಚಯ್ಯ ಪಂಚಾಕ್ಷರಯ್ಯನವರ ಕಡೆ ಬಾಗಿ, ಎಲ್ಲರಿಗೂ ಕೇಳುವಂತೆ, "ಈಗ ಎಂಗೈತೆ ಮಗೀಗೆ? ಬತ್ತದಾ ಇನ್ನೂ?" ಎಂದು ವಿಚಾರಿಸಿದರು. ಪಂಚಾಕ್ಷರಯ್ಯನವರು ಛಾವಣಿ ನೋಡಿದರು. ವಕೀಲನ ಮೀಸೆಯ ಕೆಳಗೆ ಒಂದು ಸಣ್ಣ ನಗೆ ಮೂಡಿತು. ನೀಲಾಂಬಿಕೆ ಅದನ್ನು ನೋಡಿದಳು. ಅನುಮಾನವೇನಾದರೂ ಉಳಿದಿದ್ದರೆ ಅದೂ ಆಗ ಹೋಯಿತು.

ಅವಳು ತಂತಿಗಳನ್ನು ಷಡ್ಜ ಪಂಚಮಕ್ಕೆ ಕೂಡಿಸಿ ತಂದಿದ್ದಳು. ಬೆಳಗಿನಿಂದ ತಿದ್ದಿ ತಿದ್ದಿ, ಕೂದಲೆಳೆಯಷ್ಟೂ ನಡುಕವಿಲ್ಲದಂತೆ ಮಾಡಿದ್ದಳು. ಒಮ್ಮೆ ಮೀಟಿದಳು. ನಡುಮನೆಯೆಲ್ಲ ತುಂಬಿತು. ಬಸವರಾಜು ತಲೆಯೆತ್ತಿದ.

"ತಾವು ಬಲ್ಲವರು," ಎಂದಳು ವಕೀಲನಿಗೆ, ಕಣ್ಣೆತ್ತದೆ. "ಶ್ರುತಿ ಸೇರಿದೆಯಾ ಅಂತ ತಾವೇ ಹೇಳ್ಬೇಕು."

ಸರಿಯಾಗಿದೆ ಎಂದು ಮೊದಲ ಸಲಕ್ಕೇ ಹೇಳಿಬಿಟ್ಟರೆ ಬಲ್ಲವನೆಂಬ ಹೆಸರು ಉಳಿಯುವುದು ಹೇಗೆ? ಚಂದ್ರಶೇಖರಯ್ಯ ಕಣ್ಣು ಮುಚ್ಚಿದ, ತಲೆಯನ್ನು ಓರೆ ಮಾಡಿದ, ಹುಬ್ಬು ಗಂಟಿಕ್ಕಿದ. "ಪಂಚಮ ಸ್ವಲ್ಪ ಹೆಚ್ಚಾಗಿದೆಯಲ್ಲ. ಒಂದೆಳೆ ಕೆಳಗೆ ಇಳಿಸು."

ನೀಲಾಂಬಿಕೆ ಬಿರಡೆಯನ್ನು ಒಂದೆಳೆ ಇಳಿಸಿ ಮೀಟಿದಳು. ಗುಂಯ್ ಎಂದು ದನಿ ನಡುಗಿತು. ಕಮಲಾಕ್ಷಮ್ಮನ ಮುಖ ಕಿವುಚಿಕೊಂಡಿತು. ಆಕೆ ಚಟ್ಟನೆ ನೀಲಾಂಬಿಕೆಯನ್ನು ನೋಡಿ, ಹಾಗೆಯೇ ಕಣ್ಣು ಕೆಳಗೆ ಮಾಡಿದಳು.

"ಈಗ?"

"ಹತ್ತಿರ ಬಂತು. ಇನ್ನೊಂದೆಳೆ."

ಇಳಿಸಿದಳು. ತಂತಿ ಊಳಿಟ್ಟಿತು. ಅಡುಗೆಮನೆಯ ಬಾಗಿಲಲ್ಲಿ ಗುರುಸಿದ್ದಮ್ಮ ಹಲ್ಲು ಕಚ್ಚಿದರು.

"ಈಗ ನೋಡಿ ಹೇಳಿ."

"ಹಾಂ! ಭೇಷ್!" ವಕೀಲ ತೊಡೆ ತಟ್ಟಿದ. "ಈಗ ಬಂತು ನೋಡು. ಶ್ರುತಿ ಅಂದರೆ ಇದು. ಇಲ್ಲೇ ನಿಲ್ಲಿಸು."

ಅವಳು ನಿಲ್ಲಿಸಿದಳು. ಮತ್ತೆ ಮತ್ತೆ ಮೀಟಿದಳು. ಆ ಒಡಕು ದನಿ ಗೋಡೆ ಗೋಡೆಗೆ ಬಡಿದು ತಿರುಗಿ ಬರುತ್ತಿತ್ತು. ಕಡೆಗೆ ಮಂಚಯ್ಯನವರಿಗೆ ತಡೆಯಲಾಗಲಿಲ್ಲ.

"ಅಲ್ಲ ಕಣಪ್ಪ ವಕೀಲ, ಗಾಣದೆತ್ತಿನ ಕಿವಿ ನಂದು, ನಂಗೇ ಅಲ್ಲು ಜುಂ ಅಂತದೆ. ನೀನು ಭೇಷ್ ಅಂತೀಯಲ್ಲ! ಏನವ್ವ ಇದು, ಯಾಕಂಗೆ ನಡುಗ್ತದೆ?"

ಏನೂ ಅನ್ನುವುದಿಲ್ಲವೆಂದು ತಂಗಿಯ ಮೇಲೆ ಆಣೆ ಇಟ್ಟಿದ್ದಳು. ಆದರೆ ದೊಡ್ಡವರು ಕೇಳಿದ ಮೇಲೆ ಹೇಳದಿರುವುದು ಹೇಗೆ?

"ಇದಕ್ಕೆ ಅಪಸ್ವರ ಅಂತಾರೆ ಮಾವ. ಆವತ್ತು ಇವರು ನಂಗಂದಿದ್ದು ಇದೇ ಮಾತು. ನೀವು ಕೇಳಿಸ್ಕೊಂಡಿದ್ದು ಅಪಸ್ಮಾರ."

ಮಂಚಯ್ಯ ಬಾಯಿ ತೆರೆದವರು ಮುಚ್ಚಲಿಲ್ಲ. "ಅಂಗಂದ್ರೆ... ಕಾಯ್ಲೆ ಅಲ್ವಾ?"

"ಅಲ್ಲ. ತಂತಿ ಒಂದೆಳೆ ಇಳಿದ್ರೆ ಬರೋದು. ಇವರು ಈಗ ತಾನೇ ಇಳಿಸಿದ್ರಲ್ಲ, ಅದು."

"ಶಿವ ಶಿವಾ! ಈ ವಕೀಲಪ್ಪನ ಕಿವೀನ ನಂಬ್ಕೊಂಡು ನಾನು ಊರೂರ್ ಮ್ಯಾಲೆ ಸಾರ್ಕೊಂಡ್ ಬಂದ್ನಲ್ಲಪ್ಪೋ!" ಎಂದು ಮಂಚಯ್ಯ ಹಣೆ ಚಚ್ಚಿಕೊಂಡರು. ಬಸವರಾಜು ಮುಖಕ್ಕೆ ಟವೆಲು ಒತ್ತಿಕೊಂಡ. ಅವನ ಹೆಗಲು ಕುಲುಕುತ್ತಿತ್ತು. ಪಂಚಾಕ್ಷರಯ್ಯನವರು ಮೊದಲು ಕೆಮ್ಮಿದರು, ಆಮೇಲೆ ಕೆಮ್ಮುವುದನ್ನು ಬಿಟ್ಟು ಗಟ್ಟಿಯಾಗಿ ನಕ್ಕೇಬಿಟ್ಟರು. ನೀಲಾಂಬಿಕೆ ಮಾತ್ರ ನಗಲಿಲ್ಲ. ವಕೀಲನ ಮುಖ ತೊಳೆದರೂ ಹೋಗದ ಇದ್ದಿಲ ಮಸಿಯ ಕೆಳಗೆ ಕೆಂಪಾಗುವುದನ್ನು ನೋಡುತ್ತಿದ್ದಳು. ಬಿಸಿಲಲ್ಲಿ ನಡೆದು ಬಂದವರು ತಣ್ಣನೆ ಮಜ್ಜಿಗೆ ಕುಡಿದ ಹಾಗೆ ಅವಳ ಮೈ ಪೂರ್ತಿ ತಂಪಾಯಿತು. ಎಷ್ಟು ಸುಖ! ಹಗೆ ತೀರುವುದರಲ್ಲಿ ಇಷ್ಟು ಸುಖವಿದೆಯೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ತಂತಿಯನ್ನು ಮೊದಲಿನ ಜಾಗಕ್ಕೆ ತಂದು, ತಂಗಿಗೆ ತಲೆಯಾಡಿಸಿದಳು. ಪ್ರೇಮಕುಮಾರಿ ಹಾಡಿದಳು. ಅಷ್ಟು ಚೆನ್ನಾಗಿ ಅವಳು ಹಿಂದೆಂದೂ ಹಾಡಿರಲಿಲ್ಲ.

ಚಂದ್ರಶೇಖರಯ್ಯ ಎದ್ದು ಹೋಗುತ್ತಾನೆಂದು ಎಲ್ಲರೂ ಕಾದರು. ಅವನು ಕೂತೇ ಇದ್ದ. ಎಷ್ಟಾದರೂ ವಕೀಲ. ಈಗ ಎದ್ದರೆ ಮಂಚಯ್ಯ ಬಾಗೂರಿನ ಸಂತೆಯಲ್ಲಿ ಏನು ಹೇಳಿಯಾರು ಎಂಬುದು ಅವನಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. "ಹುಡುಗಿ ನಮಗೆ ಒಪ್ಪಿಗೆ," ಎಂದ. "ಶ್ರಾವಣದಲ್ಲೇ ಮುಗಿಸಿಬಿಡೋಣ." ಹೊರಡುವಾಗ ಪ್ರೇಮಕುಮಾರಿ ಕಾಲಿಗೆ ಎರಗಿದಳು. ಅವನು ಅವಳ ತಲೆಯ ಮೇಲೆ ಕೈಯಿಟ್ಟು, ಬಹಳ ಮೆಲ್ಲಗೆ, "ನಮ್ಮನೇಲಿ ದಿನಾ ಸಾಯಂಕಾಲ ನೀನು ಹಾಡಬೇಕಮ್ಮ. ತಪ್ಪಿದರೆ ತಿದ್ದುವುದಕ್ಕೆ ನಾನಿದ್ದೇನೆ," ಎಂದ.

ಅವರ ಬಸ್ಸು ಹೋದ ಮೇಲೆ ಪಂಚಾಕ್ಷರಯ್ಯನವರು ಹೋಟೆಲಿನಿಂದ ಮೈಸೂರುಪಾಕು ತರಿಸಿ ಬೀದಿಯಲ್ಲಿ ಹೋಗುವವರಿಗೆಲ್ಲ ಕೊಟ್ಟರು. ನೀಲಾಂಬಿಕೆ ಹಿತ್ತಲ ಜಗಲಿಯಲ್ಲಿ ಬೆನ್ನು ಒರಗಿಸಿ ಕೂತಿದ್ದಳು. ಸಂಜೆಯ ಬಿಸಿಲು ಕರಿಬೇವಿನ ಗಿಡದ ಮೇಲಿತ್ತು. ಪ್ರೇಮಕುಮಾರಿ ರೇಷ್ಮೆ ಸೀರೆಯನ್ನು ಬಿಚ್ಚದೆ ಹಾಗೆಯೇ ಬಂದು ಎದುರಿಗೆ ಕೂತಳು.

"ಅಕ್ಕ, ಒಂದೆಳೆ ಕೆಳಗೆ ಹಾಡೋದು ಹೆಂಗೆ, ಹೇಳ್ಕೊಡು."

ನೀಲಾಂಬಿಕೆ ನಕ್ಕಳು. "ಯಾಕೆ, ಭಾವನ್ನ ಅಣಕಿಸೋಕಾ?"

"ಕುಂಕುಮ ಕೊಡುವಾಗ ಕಮಲಾಕ್ಷಕ್ಕ ಹೇಳಿದ್ರು. ಭಾವ ಭೇಷ್ ಅಂದ ಕಡೆ ನಿಲ್ಲಿಸ್ಬೇಕಂತೆ, ಸರಿ ಇರೋ ಕಡೆ ಅಲ್ವಂತೆ. ಸರಿ ಇರೋ ಕಡೆ ನಿಲ್ಲಿಸಿದ್ದಕ್ಕೆ ಅವರನ್ನ ಒಂದು ವರ್ಷ ತೌರಿಗೆ ಕಳಿಸಿರಲಿಲ್ವಂತೆ. ಆಮೇಲೆ ಅವರು ಹಾಡೋದೇ ಬಿಟ್ರಂತೆ." ಪ್ರೇಮಕುಮಾರಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತಿದ್ದಳು. "ನಿನ್ನ ಹಗೆ ತೀರ್ತು ಅಕ್ಕ. ಭಾವಂದು ಈಗ ಶುರುವಾಯ್ತು. ಮುಂದೆ ಆ ಮನೇಲಿ ಇರಬೇಕಾದೋಳು ನಾನು."

ಬೇಡ ಅಂದುಬಿಡು ಎನ್ನೋಣವೆಂದರೆ, ಆ ಹುಡುಗನ ಹೆಸರೆತ್ತಿದಾಗ ತಂಗಿಯ ಮುಖ ಹೇಗಾಗುತ್ತದೆಂದು ನೀಲಾಂಬಿಕೆ ನೋಡಿದ್ದಳು. ಗಿಟಾರನ್ನು ತೊಡೆಯ ಮೇಲೆ ಎಳೆದುಕೊಂಡು ಪಂಚಮದ ತಂತಿಯನ್ನು ಇಳಿಸಿದಳು.

"ಇದರ ಜೊತೆ ಹೇಳು."

ಪ್ರೇಮಕುಮಾರಿ ದನಿ ತೆಗೆದಳು. ದನಿ ತಂತಿಯನ್ನು ಬಿಟ್ಟು ನೇರವಾಗಿ ಸರಿಯಾದ ಪಂಚಮಕ್ಕೆ ಹೋಗಿ ನಿಂತಿತು.

"ಅಲ್ಲಲ್ಲ. ಕೆಳಗೆ."

ಮತ್ತೆ ತೆಗೆದಳು. ಒಂದು ಕ್ಷಣ ನಡುಗಿ, ಮತ್ತೆ ಅಲ್ಲಿಗೇ ಹೋಯಿತು. ಬೀದಿಯ ಬಾಗಿಲಿನಿಂದ ಪಂಚಾಕ್ಷರಯ್ಯನವರು ಯಾರಿಗೋ, "ಕೇಳಿದ್ರಾ? ನನ್ ಮಗಳು!" ಎನ್ನುವುದು ಕೇಳಿಸಿತು.

"ಬರ್ತಾ ಇಲ್ಲ ಅಕ್ಕ."

"ಬರ್ತದೆ," ಎಂದಳು ನೀಲಾಂಬಿಕೆ. "ನಿನ್ನ ದನಿ ನೀನು ಕೇಳಿಸ್ಕೋಬಾರ್ದು, ಅಷ್ಟೆ."

ಪ್ರೇಮಕುಮಾರಿ ಎರಡು ಅಂಗೈಗಳಿಂದ ಕಿವಿಗಳನ್ನು ಒತ್ತಿ ಮುಚ್ಚಿಕೊಂಡು, ಅಕ್ಕನ ಬೆರಳನ್ನೇ ನೋಡುತ್ತ, ಬಾಯಿ ತೆರೆದಳು.